ಹುಬ್ಬಿನ ಹಚ್ಚೆ ಉಬ್ಬಿದರೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹಣೆಗೆ, ಮುಂಗೈಗೆ ಹಚ್ಚೆ ಹಾಕಿಸಿಕೊಳ್ಳುವುದು ಹೊಸದೇನಲ್ಲ. ಹುಬ್ಬಿಗೆ, ತುಟಿಗೆ ಬಣ್ಣ ಚುಚ್ಚಿಸಿಕೊಳ್ಳುವುದು ಈಚಿನದು. ಮೊದಲ ವಾರ ಕೆಂಪಾಗಿ ಹೊಪ್ಪಳೆ ಉದುರಿದರೆ ಗಾಬರಿ ಬೇಡ. ಆದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಬಣ್ಣವಿದ್ದ ಗೆರೆಯುದ್ದಕ್ಕೂ ಗಟ್ಟಿ ಗಂಟುಗಳೆದ್ದರೆ, ‘ಬಣ್ಣ ಒಗ್ಗಲಿಲ್ಲ’ ಎಂದು ಮುಲಾಮು ಸವರಿ ಸುಮ್ಮನಾಗಬೇಡಿ. ಶ್ವಾಸಕೋಶ, ಕಣ್ಣು, ದುಗ್ಧಗ್ರಂಥಿಗಳನ್ನು ಕಾಡುವ ಸಾರ್ಕಾಯ್ಡೋಸಿಸ್ ಕೆಲವರಲ್ಲಿ ಮೊದಲು ತಲೆದೋರುವುದೇ ಹೀಗೆ.

ಎಲ್ಲ ಗಂಟೂ ಆ ರೋಗವಲ್ಲವಲ್ಲ ಎನ್ನುವಿರಿ. ನಿಜ, ಬಹಳಷ್ಟು ಸಲ ಅದು ಬಣ್ಣದ ಅಲರ್ಜಿ ಅಥವಾ ಸೋಂಕು. ಆದರೆ ಅದು ಕಣ್ಣಳತೆಗೆ ಸಿಗುವ ಮಾತಲ್ಲ; ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಕ್ಷಯವೂ ಇಂಥದೇ ಗಂಟು ಎಬ್ಬಿಸುವುದರಿಂದ ನಮ್ಮಲ್ಲಿ ಅದನ್ನೂ ಪರೀಕ್ಷಿಸಲೇಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಗಂಟನ್ನು ತಗ್ಗಿಸಿ ಗುರುತನ್ನೇ ಮರೆಮಾಚೀತು. ಲೇಸರ್‌ನಿಂದ ಅಳಿಸುವ ಅವಸರವೂ ಬೇಡ; ಒಡೆದ ಬಣ್ಣ ಮೈಯೊಳಗೆ ಹರಡಿ ಅಲರ್ಜಿಯನ್ನು ಕೆರಳಿಸಬಹುದು. ಚರ್ಮವೈದ್ಯರಿಗೆ ಹಚ್ಚೆಯ ವಿಷಯ ನಾಚದೆ ಹೇಳಿ. ಎದೆಯ ಎಕ್ಸ್‌ರೇ, ಕಣ್ಣಿನ ತಪಾಸಣೆ ಬರೆದುಕೊಟ್ಟರೆ ‘ಹುಬ್ಬಿಗೇಕೆ ಇಷ್ಟೆಲ್ಲ’ ಎಂದು ಬಿಡಬೇಡಿ. ಒಣಕೆಮ್ಮು, ಏದುಸಿರು, ಕಣ್ಣು ಕೆಂಪಾಗಿ ಮಂಜಾಗುವುದು ಜೊತೆಗಿದ್ದರೆ ತಡಮಾಡದೆ ಹೋಗಿ, ತಾಲ್ಲೂಕು ಆಸ್ಪತ್ರೆಯಿಂದ ಗದಗಕ್ಕೆ ಚೀಟಿ ಬರೆಸಿಕೊಂಡಾದರೂ ಸರಿ.