ಹರಿಯುವ ಹಾಡು, ಉಳಿಯುವ ಹಾಡು

ಕೈಯಲ್ಲಿರುವ ಫೋನಿನ ಮೇಲೆ ಒಂದು ಹಾಡಿನ ಹೆಸರನ್ನು ಬೆರಳಿನಿಂದ ಮುಟ್ಟಿದೊಡನೆ ಹಾಡು ಕೇಳಿಬರುವುದು. ಆ ಹೆಸರಿನ ಪಕ್ಕದಲ್ಲಿಯೇ ಕೆಳಮೊಗವಾದ ಒಂದು ಸಣ್ಣ ಬಾಣದ ಗುರುತಿರುವುದು; ಅದನ್ನು ಮುಟ್ಟಿದರೆ ಹಾಡು ಫೋನಿನೊಳಕ್ಕೆ ಇಳಿದು ಅಲ್ಲಿ ನಿಲ್ಲುವುದು. ಮೊದಲನೆಯದಕ್ಕೆ ಸ್ಟ್ರೀಮಿಂಗ್ ಎಂದೂ ಎರಡನೆಯದಕ್ಕೆ ಡೌನ್‌ಲೋಡ್ ಎಂದೂ ಹೆಸರು. ಇವೆರಡಕ್ಕೂ ಇರುವ ವ್ಯತ್ಯಾಸವೇನೆಂದು ಕೇಳಿದರೆ, "ಒಂದಕ್ಕೆ ಇಂಟರ್ನೆಟ್ ಬೇಕು, ಇನ್ನೊಂದಕ್ಕೆ ಬೇಡ" ಎಂದು ಬಹುಮಂದಿ ಉತ್ತರ ಹೇಳುವರು. ಈ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಹಾಡು ನಮ್ಮ ಬಳಿಗೆ ಬರುವ ಬಗೆಯನ್ನು ನೋಡಿದರೆ ಇವೆರಡೂ ಬಹುಮಟ್ಟಿಗೆ ಒಂದೇ. ಬಂದ ಮೇಲೆ ಅದು ಎಲ್ಲಿ ನಿಲ್ಲುವುದು, ಯಾರ ವಶದಲ್ಲಿ ನಿಲ್ಲುವುದು ಎಂಬಲ್ಲಿ ನಿಜವಾದ ಭೇದವಿದೆ. ಈ ಭೇದವನ್ನು ಅರಿಯದೆ ವರ್ಷಗಟ್ಟಲೆ ಕೂಡಿಟ್ಟ ಸಂಗೀತವನ್ನು ಕಳೆದುಕೊಂಡವರುಂಟು. ಆದುದರಿಂದ ಈ ವಿಷಯವನ್ನು ಮೊದಲಿನಿಂದ ವಿಚಾರ ಮಾಡೋಣ.

ಧ್ವನಿಯು ಸಂಖ್ಯೆಯಾಗುವ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಮೈಕ್ರೋಫೋನು ಇದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವುದು. ಅದನ್ನು ಕ್ಷಣಕ್ಷಣಕ್ಕೂ ಅಳೆದು ಅಳತೆಗಳನ್ನು ಸಂಖ್ಯೆಗಳಾಗಿ ಬರೆದಿಟ್ಟರೆ ಆ ಸಂಖ್ಯೆಗಳ ಸಾಲೇ ಹಾಡಿನ ದಾಖಲೆಯಾಗುವುದು. ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಧ್ವನಿಯಲ್ಲಿರುವ ಅತ್ಯಧಿಕ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ, ಆ ಅಳತೆಗಳಿಂದಲೇ ಮೂಲ ತರಂಗವನ್ನು ಮತ್ತೆ ಕಟ್ಟಬಹುದೆಂದು ಕ್ಲಾಡ್ ಶ್ಯಾನನ್ನರು ೧೯೪೯ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗಿನ ಧ್ವನಿ. ಆದುದರಿಂದಲೇ ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳನ್ನು ಇರಿಸಿದರು.

ಒಂದೊಂದು ಅಳತೆಯನ್ನು ಬರೆಯಲು ೧೬ ಬಿಟ್‌ಗಳು ಬೇಕು. ಬಿಟ್ ಎಂದರೆ ೦ ಅಥವಾ ೧ ಎಂಬ ಒಂದು ಅಂಕೆ. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆಗಳಿರುವುದರಿಂದ ಸೆಕೆಂಡಿಗೆ ೪೪,೧೦೦ × ೧೬ × ೨, ಅಂದರೆ ೧೪,೧೧,೨೦೦ ಬಿಟ್‌ಗಳಾದವು. ನಾಲ್ಕು ನಿಮಿಷದ ಹಾಡಿಗೆ ಇದು ಸುಮಾರು ೪೨.೩ ಮೆಗಾಬೈಟು, ಮೆಗಾಬೈಟೆಂದರೆ ಹತ್ತು ಲಕ್ಷ ಬೈಟು.

ಈ ಹೊರೆಯನ್ನು ತಗ್ಗಿಸಲು ಕಿವಿಯ ಒಂದು ಸ್ವಭಾವವು ನೆರವಾಯಿತು. ನಾದಸ್ವರವೂ ಡೋಲೂ ಮೊಳಗುತ್ತಿರುವಾಗ ಪಕ್ಕದಲ್ಲಿ ಕುಳಿತವರ ಪಿಸುಮಾತು ನಮಗೆ ಕೇಳಿಸದು. ದೊಡ್ಡ ಧ್ವನಿಯು ತನ್ನ ಆಸುಪಾಸಿನ ಕಂಪನಸಂಖ್ಯೆಯ ಸಣ್ಣ ಧ್ವನಿಯನ್ನು ಮರೆಮಾಡುವುದು. ಕೇಳಿಸದೆ ಹೋಗುವ ಅಂಶಕ್ಕೆ ಬಿಟ್‌ಗಳನ್ನೇಕೆ ವ್ಯಯಮಾಡಬೇಕು? ಜರ್ಮನಿಯ ಎರ್ಲಾಂಗನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂ.ಪಿ.೩ ಪದ್ಧತಿಗೆ ಈ ವಿಚಾರವೇ ತಳಹದಿ. ಇಂತಹ ಪದ್ಧತಿಯಿಂದ ಸೆಕೆಂಡಿಗೆ ೨,೫೬,೦೦೦ ಬಿಟ್‌ಗಳಿಗೆ ಕುಗ್ಗಿಸಿದರೆ ನಾಲ್ಕು ನಿಮಿಷದ ಹಾಡು ೭.೬೮ ಮೆಗಾಬೈಟಿಗೆ ಇಳಿಯುವುದು. ಮುಂದಿನ ಲೆಕ್ಕಗಳಿಗೆಲ್ಲ ಈ ಹಾಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ತೊಟ್ಟಿಯ ದೃಷ್ಟಾಂತ

ದೂರದ ಸರ್ವರ್ ಯಂತ್ರದಿಂದ ಈ ಹಾಡು ಒಂದೇ ಗಂಟಾಗಿ ಹೊರಡುವುದಿಲ್ಲ. ಅದನ್ನು ಸಾಮಾನ್ಯವಾಗಿ ೧,೫೦೦ ಬೈಟುಗಳನ್ನು ಮೀರದ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ವಿಂಗಡಿಸಿ ಕಳುಹುವರು. ನಮ್ಮ ಹಾಡು ಹೀಗೆ ಐದು ಸಾವಿರಕ್ಕೂ ಹೆಚ್ಚು ಪ್ಯಾಕೆಟ್ಟುಗಳಾಗುವುದು. ಇವೆಲ್ಲ ಸಮನಾದ ವೇಗದಲ್ಲಿ ಬರುವುದಿಲ್ಲ. ಕೆಲವು ಬೇಗ ಬಂದರೆ ಕೆಲವು ತಡವಾಗುವುವು, ದಾರಿಯಲ್ಲಿ ಕಳೆದುಹೋದವನ್ನು ಮತ್ತೆ ತರಿಸಬೇಕಾಗುವುದು. ಆದರೆ ಕಿವಿಗೆ ಬೀಳುವ ಹಾಡಿಗೆ ತಾಳ ತಪ್ಪಬಾರದು. ಇದಕ್ಕೆ ಉಪಾಯವೇನು?

ನಮ್ಮ ಊರುಗಳ ಮನೆಗಳಲ್ಲಿ ಈ ಉಪಾಯ ಪರಿಚಿತವಾದುದೇ. ಬೀದಿಯ ನಲ್ಲಿಯಲ್ಲಿ ನೀರು ಒಮ್ಮೆ ಜೋರಾಗಿ, ಒಮ್ಮೆ ಸಣ್ಣಗೆ ಬರುವುದು. ಒಮ್ಮೊಮ್ಮೆ ನಿಂತೇ ಹೋಗುವುದು. ಆದುದರಿಂದ ತೊಟ್ಟಿಯೊಂದನ್ನು ಕಟ್ಟಿ ನೀರನ್ನು ಮೊದಲು ಅದರಲ್ಲಿ ತುಂಬಿಸಿ, ಅದರ ಕೊಳವೆಯಿಂದ ಬೇಕಾದ ಹದದಲ್ಲಿ ಬಿಟ್ಟುಕೊಳ್ಳುವೆವು. ಫೋನಿನೊಳಗೂ ಇಂತಹುದೇ ತೊಟ್ಟಿಯೊಂದುಂಟು. ಅದಕ್ಕೆ ಬಫರ್ ಎಂದು ಹೆಸರು. ತೊಟ್ಟಿಯಲ್ಲಿ ನೀರಿರುವಷ್ಟು ಹೊತ್ತು ಹಾಡು ನಿಲ್ಲುವುದಿಲ್ಲ. ತೊಟ್ಟಿ ಬರಿದಾದರೆ ಹಾಡು ನಿಂತು, ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗುವುದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ನಮ್ಮ ಹಾಡಿಗೆ ಸೆಕೆಂಡಿಗೆ ೨,೫೬,೦೦೦ ಬಿಟ್‌ಗಳು ಬೇಕು. ಸಂಪರ್ಕವು ಕೊಡುವುದು ೧,೯೨,೦೦೦ ಮಾತ್ರ ಎಂದಿಟ್ಟುಕೊಳ್ಳಿ. ಇಡೀ ಹಾಡು ಬರಲು ೩೨೦ ಸೆಕೆಂಡು ಬೇಕು. ಹಾಡಿನ ಅವಧಿ ೨೪೦ ಸೆಕೆಂಡು. ಆದುದರಿಂದ ೮೦ ಸೆಕೆಂಡು ಕಾದು ಆಮೇಲೆ ಆರಂಭಿಸಿದರೆ ಹಾಡು ಎಲ್ಲಿಯೂ ನಿಲ್ಲದೆ ಮುಗಿಯುವುದು. ಇನ್ನೊಂದು ಉದಾಹರಣೆ: ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ ಘಟ್ಟವನ್ನಿಳಿಯುವ ರೈಲುದಾರಿಯಲ್ಲಿ ೫೭ ಸುರಂಗಗಳಿವೆ. ಫೋನಿಗೆ ಬರುವ ರೇಡಿಯೋ ಅಲೆಗಳಿಗೆ ಬಂಡೆಯು ತಡೆ. ಎರಡು ನಿಮಿಷ ಸಂಪರ್ಕ ತಪ್ಪಿದರೂ ಹಾಡು ನಿಲ್ಲಬಾರದೆಂದರೆ ತೊಟ್ಟಿಯಲ್ಲಿ ಮುಂಚಿತವಾಗಿಯೇ ೩.೮೪ ಮೆಗಾಬೈಟು, ಅಂದರೆ ಅರ್ಧ ಹಾಡು, ತುಂಬಿರಬೇಕು. ತೊಟ್ಟಿಯನ್ನು ಇಡೀ ಹಾಡು ಹಿಡಿಯುವಷ್ಟು ದೊಡ್ಡದು ಮಾಡಿ, ಕೇಳಿದ ಮೇಲೆಯೂ ಅದನ್ನು ಬರಿದು ಮಾಡದೆ ಉಳಿಸಿಕೊಂಡರೆ ಅದೇ ಡೌನ್‌ಲೋಡ್!

ಸ್ಟ್ರೀಮಿಂಗ್ ಎಂಬುದು ರೇಡಿಯೋ ಪ್ರಸಾರದಂತೆಯೇ ಎಂದು ಭಾವಿಸುವುದುಂಟು. ಇದು ಸರಿಯಲ್ಲ. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ ಒಂದೇ ಅಲೆಯನ್ನು ಹತ್ತು ಮಂದಿಯೂ ಹಿಡಿಯಬಹುದಾಗಿತ್ತು, ಸಾವಿರ ಮಂದಿಯೂ ಹಿಡಿಯಬಹುದಾಗಿತ್ತು. ಕೇಳುಗರು ಹೆಚ್ಚಿದರೆಂದು ಪ್ರೇಷಕದ ಕೆಲಸ ಹೆಚ್ಚುತ್ತಿರಲಿಲ್ಲ. ಸಂಗೀತದ ಸ್ಟ್ರೀಮಿಂಗಿನಲ್ಲಾದರೋ ಪ್ರತಿಯೊಬ್ಬ ಕೇಳುಗನಿಗೂ ಬೇರೆ ಬೇರೆ ಪ್ಯಾಕೆಟ್ಟುಗಳ ಸಾಲು ಹೊರಡಬೇಕು. ಈ ದೃಷ್ಟಿಯಿಂದಲೂ ಸ್ಟ್ರೀಮಿಂಗ್ ಡೌನ್‌ಲೋಡಿನ ಒಡಹುಟ್ಟೇ ಹೊರತು ರೇಡಿಯೋವಿನದಲ್ಲ.

ಗುಣವೂ ವೆಚ್ಚವೂ

ಡೌನ್‌ಲೋಡ್ ಮಾಡಿದ ಹಾಡು ಹೆಚ್ಚು ಇಂಪೆಂಬ ನಂಬಿಕೆಯೊಂದಿದೆ. ಹಾಡಿನ ಗುಣವು ಅದನ್ನು ಸೆಕೆಂಡಿಗೆ ಎಷ್ಟು ಬಿಟ್‌ಗಳಿಗೆ, ಯಾವ ಪದ್ಧತಿಯಿಂದ ಕುಗ್ಗಿಸಿದ್ದಾರೆಂಬುದನ್ನು ಅವಲಂಬಿಸಿದೆ; ಬಂದ ಬಗೆಯನ್ನಲ್ಲ. ಒಂದೇ ಕಡತವನ್ನು ಎರಡು ರೀತಿಯಲ್ಲಿ ತರಿಸಿದರೆ ಬಿಟ್‌ಗಳು ಒಂದೇ, ಹಾಡೂ ಒಂದೇ. ಆದರೆ ಸಂಪರ್ಕ ಕ್ಷೀಣಿಸಿದಾಗ ಕೆಲವು ಸ್ಟ್ರೀಮಿಂಗ್ ಸೇವೆಗಳು ಹಾಡು ನಿಲ್ಲದಿರಲೆಂದು ಹೆಚ್ಚು ಕುಗ್ಗಿಸಿದ ಪ್ರತಿಯನ್ನು ಕಳುಹುವುವು. ಆ ನಂಬಿಕೆಯಲ್ಲಿರುವ ಸತ್ಯಾಂಶ ಇಷ್ಟೇ.

ವೆಚ್ಚದ ವಿಷಯ ಬೇರೆ. ಒಂದೇ ಸಲ ಕೇಳುವ ಹಾಡಿಗೆ ಎರಡು ಬಗೆಯಲ್ಲಿಯೂ ೭.೬೮ ಮೆಗಾಬೈಟು ಸಲ್ಲುವುದು. ಸ್ಟ್ರೀಮಿಂಗಿನಲ್ಲಿ ಫೋನಿನ ಜಾಗವೂ ಉಳಿಯುವುದು. ಅದೇ ಹಾಡನ್ನು ಐವತ್ತು ಸಲ ಹೊಸದಾಗಿ ಹರಿಸಿ ಕೇಳಿದರೆ ೩೮೪ ಮೆಗಾಬೈಟು. ಇಳಿಸಿಕೊಂಡರೆ ಮೊದಲಿನ ೭.೬೮ ಮಾತ್ರ. ಪದೇ ಪದೇ ಕೇಳುವ ಹಾಡನ್ನು ತಾತ್ಕಾಲಿಕವಾಗಿ ಫೋನಿನಲ್ಲಿ ಉಳಿಸಿಕೊಳ್ಳುವ ಆಪ್‌ಗಳೂ ಇರುವುದರಿಂದ ವಾಸ್ತವದಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗದಿರಬಹುದು. ಆದರೆ ಆ ತಾತ್ಕಾಲಿಕ ಪ್ರತಿಯನ್ನು ಯಾವಾಗ ಅಳಿಸಬೇಕೆಂದು ತೀರ್ಮಾನಿಸುವುದು ಆಪ್, ನಾವಲ್ಲ.

ದೂರದ ಭಂಡಾರ

ಹಾಡುಗಳ ಸಂಖ್ಯೆ ಬೆಳೆದಂತೆ ಅವನ್ನು ಇಡುವ ಜಾಗದ ಪ್ರಶ್ನೆ ಹುಟ್ಟಿತು. ಇಪ್ಪತ್ತೈದು ಸಾವಿರ ಹಾಡುಗಳ ಸಂಗ್ರಹವೆಂದರೆ ನಮ್ಮ ಲೆಕ್ಕದಲ್ಲಿ ೧೯೨ ಗಿಗಾಬೈಟು, ಅಂದರೆ ೧,೯೨,೦೦೦ ಮೆಗಾಬೈಟು. ಹಗಲಿರುಳೂ ಕೇಳಿದರೆ ೬೯ ದಿನ ಸಾಲುವ ಸಂಗೀತ. ಇದನ್ನು ದೂರದ ಸರ್ವರುಗಳಲ್ಲಿಟ್ಟು ಬೇಕಾದಾಗ ತರಿಸಿಕೊಳ್ಳುವ ವ್ಯವಸ್ಥೆಗೆ ಕ್ಲೌಡ್, ಅಂದರೆ ಮೋಡ, ಎಂದು ಹೆಸರಾಯಿತು. ಹೆಸರು ಮೋಡವಾದರೂ ವಸ್ತುತಃ ಅದು ಯಾರದೋ ಕಟ್ಟಡದಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರಗಳ ಸಾಲು.

೨೦೧೧ರಲ್ಲಿ ಅಮೆಜಾನ್, ಗೂಗಲ್ ಮತ್ತು ಆಪಲ್ ಮೂರು ಸಂಸ್ಥೆಗಳೂ ಅಮೆರಿಕಾದಲ್ಲಿ ಇಂತಹ ಭಂಡಾರಗಳನ್ನು ತೆರೆದವು. ಗೂಗಲ್ಲಿನಲ್ಲಿ ಮೊದಲಿಗೆ ೨೦,೦೦೦ ಹಾಡುಗಳನ್ನು ಏರಿಸಿಡಲು ಅವಕಾಶವಿದ್ದಿತು. ೨೦೧೫ರಲ್ಲಿ ಈ ಮಿತಿಯನ್ನು ೫೦,೦೦೦ಕ್ಕೆ ಹೆಚ್ಚಿಸಿದರು. ಆಪಲ್ಲಿನ 'ಐಟ್ಯೂನ್ಸ್ ಮ್ಯಾಚ್' ಬೇರೊಂದು ಉಪಾಯವನ್ನು ಹೂಡಿತು. ಕೇಳುಗನ ಹಾಡು ಕಂಪನಿಯ ಭಂಡಾರದಲ್ಲಿ ಮೊದಲೇ ಇದ್ದರೆ ಅದನ್ನು ಏರಿಸುವ ಶ್ರಮವೇಕೆ? ಗುರುತನ್ನು ಹೋಲಿಸಿ ನೋಡಿ, ತಾಳೆಯಾದರೆ ಕಂಪನಿಯ ಪ್ರತಿಯನ್ನೇ ಕೊಡುವುದು. ತಾಳೆಯಾಗದ ಹಾಡುಗಳನ್ನು ಮಾತ್ರ ಏರಿಸುವುದು. ಆ ಪ್ರತಿಯನ್ನು ಇಳಿಸಿಕೊಂಡರೆ ಅದಕ್ಕೆ ಬೀಗವಿರಲಿಲ್ಲ. ಚಂದಾ ನಿಂತರೂ ಇಳಿಸಿಕೊಂಡದ್ದು ಉಳಿಯುತ್ತಿತ್ತು. ಇಳಿಸಿಕೊಳ್ಳದೆ ಹರಿಸಿ ಕೇಳುತ್ತಿದ್ದವನಿಗೆ ಚಂದಾ ಮುಗಿದ ದಿನವೇ ಆ ದಾರಿ ಮುಚ್ಚುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜನಪ್ರಿಯವಾದ ಚಲನಚಿತ್ರಗೀತೆಯ ಪ್ರತಿ ನೂರು ಕಡೆ ದೊರೆಯುವುದು. ಆದರೆ ಮನೆಯ ಹಿರಿಯರೊಬ್ಬರು ಹಾಡಿದ ಸೋಬಾನೆ ಪದವನ್ನು ಹಿಂದೊಮ್ಮೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟು, ಈಗ ಅದನ್ನು ಕಡತವಾಗಿಸಿ ಕ್ಲೌಡಿಗೆ ಏರಿಸಿದೆವೆಂದುಕೊಳ್ಳಿ. ಯಾವ ಕಂಪನಿಯ ಭಂಡಾರದಲ್ಲಿಯೂ ಅದಕ್ಕೆ ಜೋಡಿಯಿಲ್ಲ. ಅಲ್ಲಿಂದ ಅದು ಹೋದರೆ ಹೋದಂತೆಯೇ.

ಬೀಗವೂ ಬೀಗದ ಕೈಯೂ

ಹಾಗಾದರೆ ಬಾಣದ ಗುರುತನ್ನು ಮುಟ್ಟಿ ಇಳಿಸಿಕೊಂಡ ಹಾಡೆಲ್ಲವೂ ನಮ್ಮದೇ? ಅದೂ ಅಲ್ಲ. ಡೌನ್‌ಲೋಡಿನಲ್ಲಿ ಎರಡು ಬಗೆ. ಒಂದು, ಬೀಗವಿಲ್ಲದ ಕಡತ: ಅದನ್ನು ಯಾವ ಯಂತ್ರಕ್ಕಾದರೂ ನಕಲು ಮಾಡಿಕೊಂಡು ಕೇಳಬಹುದು. ಇನ್ನೊಂದು, ಬೀಗ ಹಾಕಿದ ಕಡತ: ಅದು ನಮ್ಮ ಫೋನಿನಲ್ಲಿದ್ದರೂ ತೆರೆಯುವ ಕೈ ಕಂಪನಿಯಲ್ಲಿರುವುದು. ಚಂದಾ ಕೊಟ್ಟು ಕೇಳುವ ಸೇವೆಗಳಲ್ಲಿ ಇಳಿಸಿಕೊಳ್ಳುವ ಹಾಡುಗಳು ಈ ಎರಡನೆಯ ಬಗೆಯವು. ಸ್ಪಾಟಿಫೈ ಸೇವೆಯಲ್ಲಿ ಇಳಿಸಿಕೊಂಡ ಹಾಡುಗಳು ಉಳಿಯಬೇಕಾದರೆ ೩೦ ದಿನಗಳಿಗೊಮ್ಮೆಯಾದರೂ ಫೋನು ಇಂಟರ್ನೆಟ್ಟಿಗೆ ಸೇರಬೇಕೆಂಬ ನಿಯಮವಿದೆ.

ಹಣ ತೆತ್ತು ಕೊಂಡ ಹಾಡುಗಳಿಗೂ ಬೀಗದ ತೊಡಕು ತಪ್ಪಿರಲಿಲ್ಲ. ೨೦೦೮ರಲ್ಲಿ ಯಾಹೂ ಸಂಸ್ಥೆಯು ತನ್ನ ಹಾಡುಗಳ ಅಂಗಡಿಯನ್ನು ಮುಚ್ಚಿ, ಬೀಗದ ಕೈ ಕೊಡುವ ಸರ್ವರುಗಳನ್ನೂ ನಿಲ್ಲಿಸುವುದಾಗಿ ಪ್ರಕಟಿಸಿತು. ಕೊಂಡವರ ಹಾಡು ಅದೇ ಕಂಪ್ಯೂಟರಿನಲ್ಲಿ ಹಾಡಬಹುದು; ಹೊಸ ಕಂಪ್ಯೂಟರಿಗೆ ಸಾಗಿಸಿದರೆ ಮೂಕವಾಗುವುದು ಎಂಬ ಸ್ಥಿತಿ ಒದಗಿತು. ಪ್ರತಿಭಟನೆ ಎದ್ದ ಮೇಲೆ ಸಂಸ್ಥೆಯು ಕೊಂಡವರಿಗೆ ಪರಿಹಾರ ಕೊಡಲು ಒಪ್ಪಿತು. ಆಪಲ್ ತನ್ನ ಅಂಗಡಿಯಲ್ಲಿ ಮಾರುವ ಹಾಡುಗಳ ಬೀಗವನ್ನು ೨೦೦೯ರಲ್ಲಿ ತೆಗೆಯಿತು.

ಭಂಡಾರಗಳೂ ಶಾಶ್ವತವಲ್ಲ. ಗೂಗಲ್ಲಿನ ಮೇಲೆ ಹೇಳಿದ ಸೇವೆ ೨೦೨೦ರ ಕೊನೆಯಲ್ಲಿ ನಿಂತಿತು. ಸಂಗ್ರಹವನ್ನು ಬೇರೆಡೆಗೆ ಸಾಗಿಸಲು ಅಥವಾ ಇಳಿಸಿಕೊಳ್ಳಲು ಅವಧಿ ಕೊಟ್ಟು, ೨೦೨೧ರ ಫೆಬ್ರವರಿ ೨೪ರಂದು ಎಲ್ಲವನ್ನೂ ಅಳಿಸುವುದಾಗಿ ತಿಳಿಸಿದರು. ನಮ್ಮ ದೇಶದಲ್ಲಿ ಏರ್‌ಟೆಲ್ ಸಂಸ್ಥೆಯು ೨೦೧೪ರಲ್ಲಿ ಆರಂಭಿಸಿದ ವಿಂಕ್ ಸಂಗೀತ ಸೇವೆಯನ್ನು ಮುಚ್ಚುವ ನಿರ್ಧಾರ ೨೦೨೪ರಲ್ಲಿ ಹೊರಬಿದ್ದಿತು.

ಎಲ್ಲಕ್ಕಿಂತ ಹೆಚ್ಚಿನ ಪಾಠವನ್ನು ಕಲಿಸಿದುದು ಮೈಸ್ಪೇಸ್ ಜಾಲತಾಣ. ಅಲ್ಲಿ ಹೊಸ ಗಾಯಕರೂ ವಾದ್ಯಗಾರರೂ ತಮ್ಮ ಹಾಡುಗಳನ್ನು ಏರಿಸುತ್ತಿದ್ದರು. ಸರ್ವರುಗಳನ್ನು ಬದಲಾಯಿಸುವಾಗ ಹಳೆಯ ಹಾಡುಗಳು ನಷ್ಟವಾದವೆಂದು ೨೦೧೯ರಲ್ಲಿ ಎಲ್ಲರಿಗೂ ತಿಳಿದುಬಂದಿತು. ನಷ್ಟವಾದುವು ಐದು ಕೋಟಿಗೂ ಹೆಚ್ಚೆಂದು ವರದಿಯಾಯಿತು. ಆ ವರ್ಷವೇ ಅವುಗಳಲ್ಲಿ ಸುಮಾರು ೪,೯೦,೦೦೦ ಹಾಡುಗಳು ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಮೂಲಕ ಮತ್ತೆ ಬೆಳಕಿಗೆ ಬಂದವು. ಹೇಗೆ? ಅಧ್ಯಯನಕ್ಕಾಗಿ ವಿದ್ವಾಂಸರ ತಂಡವೊಂದು ಹಲವು ವರ್ಷಗಳ ಹಿಂದೆಯೇ ಅವುಗಳ ಪ್ರತಿಗಳನ್ನು ಇಳಿಸಿಟ್ಟುಕೊಂಡಿದ್ದಿತು. ಬೇರೆಡೆ ಪ್ರತಿಯಿದ್ದುದರಿಂದ ಅಷ್ಟು ಉಳಿಯಿತು.

ನಾವು ಮಾಡಬೇಕಾದುದು

ಸ್ಟ್ರೀಮಿಂಗನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅರಿಯದ ಗಾಯಕರನ್ನು ಅರಿಯಲು, ಹೊಸ ರಾಗವೊಂದನ್ನು ಕೇಳಿ ನೋಡಲು ಅದಕ್ಕಿಂತ ಸುಲಭವಾದ ಸಾಧನವಿಲ್ಲ. ಪದೇ ಪದೇ ಕೇಳುವ ಹಾಡನ್ನು ಇಳಿಸಿಕೊಳ್ಳುವುದು ಮಿತವ್ಯಯ. ಮತ್ತೆ ದೊರೆಯದ ಹಾಡನ್ನಾದರೋ ಬೀಗವಿಲ್ಲದ ಕಡತವಾಗಿ, ಎರಡು ಬೇರೆ ಬೇರೆ ಸಾಧನಗಳಲ್ಲಿ ಇಡಬೇಕು. ಏಕೆಂದರೆ ಮನೆಯ ಡಿಸ್ಕು ಸಹ ಕೆಡುವುದುಂಟು. ಕ್ಲೌಡಿನಲ್ಲಿರುವುದು ಮೂರನೆಯ ಪ್ರತಿಯಾಗಿರಲಿ, ಒಂದೇ ಪ್ರತಿಯಾಗದಿರಲಿ.

ವಾಚಕರು ತಮ್ಮ ಸಂಗ್ರಹವನ್ನು ತಾವೇ ಪರೀಕ್ಷಿಸಿ ನೋಡಬಹುದು. ಫೋನಿನ ಸಂಪರ್ಕಗಳನ್ನೆಲ್ಲ ನಿಲ್ಲಿಸಿ, ಯಾವ ಯಾವ ಹಾಡುಗಳು ಇನ್ನೂ ಪೂರ್ಣವಾಗಿ ಹಾಡುವುವೆಂದು ನೋಡಿ. ಅವು ಸದ್ಯಕ್ಕೆ ಫೋನಿನಲ್ಲಿರುವುವು. ಅನಂತರ ಅವುಗಳ ಕಡತಗಳನ್ನು ಬೇರೊಂದು ಯಂತ್ರಕ್ಕೆ ನಕಲು ಮಾಡಿ, ಅಲ್ಲಿಯೂ ಇಂಟರ್ನೆಟ್ ಇಲ್ಲದೆ ಹಾಡಿಸಿ ನೋಡಿ. ಈ ಎರಡನೆಯ ಪರೀಕ್ಷೆಯಲ್ಲಿಯೂ ಹಾಡಿದವು ಯಾರ ಸರ್ವರ್ ನಿಂತರೂ ಉಳಿಯುವುವು. ಮನೆಯ ಹಿರಿಯರ ಧ್ವನಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಇಂದೇ ಅದನ್ನು ಇಳಿಸಿಕೊಳ್ಳುವುದು ಒಳ್ಳೆಯದು.