ಬೇರಾ ಕೋಣೆಯ ಪಾಠಗಳು

ಹಸುಗೂಸಿಗೆ ಕಿವಿ ಕೇಳಿಸುತ್ತದೆಯೇ ಎಂದು ಅದನ್ನೇ ಕೇಳುವಂತಿಲ್ಲ. ಕಿವಿಗೆ ಟಕ್ ಟಕ್ ಸದ್ದು (ಕ್ಲಿಕ್) ಬಿಟ್ಟು, ಶ್ರವಣ ನರ ಮತ್ತು ಮಿದುಳಿನ ಕಾಂಡ ಕೊಡುವ ವಿದ್ಯುತ್ ಉತ್ತರವನ್ನು ದಾಖಲಿಸುವುದೇ ಬೇರಾ ಪರೀಕ್ಷೆ. ಆಡಿಯಾಲಜಿಸ್ಟ್ ಆಗಿ ಈ ಕೋಣೆಯಲ್ಲಿ ಕಲಿತದ್ದಿಷ್ಟು.

1. ನಿದ್ದೆ ಬಂದರೆ ಅರ್ಧ ಕೆಲಸ ಮುಗಿದಂತೆ. ನಮಗೆ ಬೇಕಾದ ಅಲೆ ಒಂದು ಮೈಕ್ರೋವೋಲ್ಟ್‌ಗಿಂತ ಚಿಕ್ಕದು. ಮಗು ಬೆರಳು ಚೀಪಿದರೂ ಸಾಕು, ಸ್ನಾಯುಗಳ ವಿದ್ಯುತ್ತು ಅದನ್ನು ಮುಳುಗಿಸಿಬಿಡುತ್ತದೆ. ಸಾವಿರ, ಎರಡು ಸಾವಿರ ಸದ್ದುಗಳ ಉತ್ತರವನ್ನು ಸರಾಸರಿ ಮಾಡಿದಾಗ ಗದ್ದಲ ಕರಗಿ, ಪ್ರತಿ ಸಲ ಅದೇ ಹೊತ್ತಿಗೆ ಬರುವ ಅಲೆ ಉಳಿಯುತ್ತದೆ. ಆದ್ದರಿಂದ ತಾಯಂದಿರಿಗೆ ಮೊದಲೇ ಹೇಳುತ್ತೇನೆ: ಬಸ್ಸಿನಲ್ಲಿ ಮಲಗಿಸಬೇಡಿ, ಇಲ್ಲಿಗೆ ಬಂದು ಹಾಲು ಕುಡಿಸಿ.

2. ತಲೆಗೆ ಎಣ್ಣೆ ಬೇಡ. ಎಲೆಕ್ಟ್ರೋಡ್ ಕೂರುವುದು ಹಣೆಯ ಮೇಲೆ, ಕಿವಿಯ ಹಿಂದೆ. ಎಣ್ಣೆ, ಪೌಡರ್ ಇದ್ದರೆ ಅಲ್ಲಿನ ವಿದ್ಯುತ್ ತಡೆ (ಇಂಪೀಡೆನ್ಸ್) ನಮಗೆ ಬೇಕಾದಂತೆ 5 ಕಿಲೋಓಮ್‌ಗಿಂತ ಕೆಳಗಿಳಿಯುವುದಿಲ್ಲ. ಹಣೆಯ ದೃಷ್ಟಿಬೊಟ್ಟು ಒರೆಸುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳುತ್ತೇನೆ. ಬೊಟ್ಟು ಕೆನ್ನೆಗೆ ಹೋಗುತ್ತದೆ, ಮನೆಯವರಿಗೂ ಸಮಾಧಾನ.

3. ಉತ್ತರದಲ್ಲಿ ಸಾಲಾಗಿ ಬರುವ ಅಲೆಗಳಲ್ಲಿ 5ನೆಯದರ ಬೆನ್ನು ಬಿಡಬಾರದು. ಜೋರು ಸದ್ದಿಗೆ ದೊಡ್ಡವರಲ್ಲಿ ಅದು ಸುಮಾರು 5.5ರಿಂದ 6 ಮಿಲಿಸೆಕೆಂಡಿಗೆ ಬರುತ್ತದೆ, ನವಜಾತ ಶಿಶುವಿನಲ್ಲಿ 7ರ ಆಸುಪಾಸು. ಸದ್ದು ತಗ್ಗಿಸಿದಂತೆ ಅಲೆ ತಡವಾಗುತ್ತದೆ, ಕುಗ್ಗುತ್ತದೆ. ಎರಡನೇ ಸಲ ಅದೇ ಜಾಗದಲ್ಲಿ ಕಾಣದಿದ್ದರೆ ಅದನ್ನು ಅಲೆ ಎಂದು ಗುರುತು ಹಾಕುವುದಿಲ್ಲ.

4. ಗೆರೆ ಮಟ್ಟಸವಾಗಿ ಬಂತೆಂದು 'ಕಿವುಡು' ಎಂದು ಬರೆಯಬಾರದು. ನನ್ನ ಮಟ್ಟಿಗೆ ಇದೇ ದೊಡ್ಡ ಪಾಠ. ಕೆಲವು ಮಕ್ಕಳಲ್ಲಿ ಒಳಗಿವಿಯ ರೋಮಕೋಶಗಳು ಚೆನ್ನಾಗಿಯೇ ಇರುತ್ತವೆ, ಆ ಕೋಶಗಳನ್ನು ನೋಡುವ ಓಎಇ ಪರೀಕ್ಷೆಯಲ್ಲಿ ಪಾಸೂ ಆಗುತ್ತಾರೆ. ಆದರೆ ನರದ ತಂತುಗಳು ಒಟ್ಟಿಗೆ ಮಿಡಿಯದ ಕಾರಣ ಬೇರಾದಲ್ಲಿ ಅಲೆಯೇ ಇರುವುದಿಲ್ಲ. ಇದು ಆಡಿಟರಿ ನ್ಯೂರೋಪತಿ. ಹುಟ್ಟಿದಾಗ ಕಾಮಾಲೆ ತೀವ್ರವಾಗಿದ್ದ ಮಕ್ಕಳಲ್ಲಿ ಇದನ್ನು ವಿಶೇಷವಾಗಿ ಹುಡುಕಬೇಕು. ಕ್ಲಿಕ್‌ನ ಧ್ರುವ ತಿರುಗಿಸಿ ನೋಡಿ: ಆರಂಭದ ಗೆರೆ ತಲೆಕೆಳಗಾದರೆ ಅದು ನರದ್ದಲ್ಲ, ಒಳಗಿವಿಯದು. ಇಂಥ ಮಗುವಿಗೆ ಎಷ್ಟು ಕೇಳಿಸುತ್ತದೆಂದು ಬೇರಾ ಒಂದರಿಂದಲೇ ಹೇಳಲಾಗದು.

5. ಕ್ಲಿಕ್ ಮುಖ್ಯವಾಗಿ 2000ರಿಂದ 4000 ಹರ್ಟ್ಸ್‌ನ ಕಥೆ ಹೇಳುತ್ತದೆ. ಆದ್ದರಿಂದ ತಗ್ಗು ಸ್ವರಗಳಿಗಾಗಿ 500 ಹರ್ಟ್ಸ್ ಟೋನ್ ಬರ್ಸ್ಟ್ (ಒಂದೇ ಸ್ವರದ ಚಿಕ್ಕ ಸದ್ದು) ಕೂಡ ಮಾಡಿ.

6. ಫಲಿತಾಂಶವನ್ನು ಕೂತು ಹೇಳಿ, ಅಪ್ಪ ಅಮ್ಮ ಇಬ್ಬರಿಗೂ.

'ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು' ಎಂದು ದಯವಿಟ್ಟು ಕಾಯಬೇಡಿ. 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಪೂರ್ಣ ಪರೀಕ್ಷೆ, ತೊಂದರೆಯಿದ್ದರೆ 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಲಿ.