ಬಾಲ್ಯದ ಅರೆಹೊಟ್ಟೆಯೂ ನಡುಪ್ರಾಯದ ರೋಗವೂ

ಕೂಸು ಹುಟ್ಟುವಾಗ ಸಣ್ಣದಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ದೊಡ್ಡ ಸಂಗತಿಯೆಂದು ಎಣಿಸುವವರು ಕಡಿಮೆ. ಹೆರಿಗೆ ಸುಲಭವಾಯಿತಲ್ಲಾ, ಇನ್ನು ಉಂಡು ತಿಂದು ಬೆಳೆದೀತು ಎಂದು ಹಿರಿಯರು ಸಮಾಧಾನ ಹೇಳುವರು. ಬದುಕಿ ಉಳಿದ ಕೂಸು ಬೆಳೆಯುವದೂ ನಿಜವೇ. ಆದರೆ ತಾಯಿಯ ಗರ್ಭದಲ್ಲಿಯೂ ಹುಟ್ಟಿದ ಮೇಲಣ ಎರಡು ವರುಷಗಳಲ್ಲಿಯೂ ಪಟ್ಟ ಕೊರತೆಯು ಅಲ್ಲಿಗೇ ತೀರಿಹೋಗದೆ, ನಾಲ್ವತ್ತು ಐವತ್ತು ವರುಷಗಳಾದ ಬಳಿಕ ಹೃದಯರೋಗವಾಗಿಯೋ, ರಕ್ತದ ಒತ್ತಡವಾಗಿಯೋ, ಜನರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹವಾಗಿಯೋ ತಲೆಯೆತ್ತುವದುಂಟೆಂದು ವೈದ್ಯರು ಕಂಡುಕೊಂಡಿದ್ದಾರೆ. ಈ ತಿಳುವಳಿಕೆಯು ದೊರಕಿದ ಸ್ಥಳಗಳಲ್ಲಿ ಮೈಸೂರಿನ ಮಿಶನ್ ಆಸ್ಪತ್ರೆಯೂ ಒಂದಾಗಿರುವದರಿಂದ, ಅದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳುವೆವು.

ಮೊದಲು ಇಂಗ್ಲೆಂಡಿನ ಮಾತು. ಅಲ್ಲಿಯ ಹರ್ಟ್‌ಫರ್ಡ್‌ಶೈರ್ ಎಂಬ ಸೀಮೆಯಲ್ಲಿ 1911ನೇ ವರುಷದಿಂದ ಹುಟ್ಟಿದ ಕೂಸುಗಳ ತೂಕವನ್ನೂ, ಅವುಗಳಿಗೆ ಒಂದು ವರುಷ ತುಂಬಿದಾಗಿನ ತೂಕವನ್ನೂ ಪುಸ್ತಕದಲ್ಲಿ ಬರೆದಿಡುವ ಕ್ರಮವಿತ್ತು. ಡೇವಿಡ್ ಬಾರ್ಕರ್ ಎಂಬ ವೈದ್ಯರೂ ಅವರ ಜೊತೆಯವರೂ ಆ ಹಳೇ ಪುಸ್ತಕಗಳನ್ನು ಹುಡುಕಿ, 1911ರಿಂದ 1930ರ ವರೆಗೆ ಅಲ್ಲಿ ಹುಟ್ಟಿದ 5,654 ಮಂದಿ ಗಂಡಸರ ಸಂಗತಿಯನ್ನು ವಿಚಾರಿಸಿ 1989ರಲ್ಲಿ ಪ್ರಕಟಿಸಿದರು. ಒಂದು ವರುಷದ ಪ್ರಾಯದಲ್ಲಿ 18 ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯರೋಗದ ಮರಣವು, 27 ಪೌಂಡು ಅಥವಾ ಅದಕ್ಕೆ ಮಿಕ್ಕಿ ತೂಗಿದವರಿಗಿಂತ ಎರಡೂವರೆ ಪಾಲಿಗೂ ಹೆಚ್ಚಾಗಿತ್ತು.

ಇದು ಬಿಳಿಯರ ದೇಶದ ಮಾತು, ನಮಗೇನು ಎಂದು ಯಾರಾದರೂ ಕೇಳಬಹುದು. ಮೈಸೂರಿನಲ್ಲಿ 1906ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿಯೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಇವೆಲ್ಲಾ ಬರೆಯಲ್ಪಡುತ್ತಿದ್ದವು. ದಿನವೂ ತಕ್ಕಡಿ ಹಿಡಿದು ಲೆಕ್ಕ ಬರೆದವರಿಗೆ ಅದರ ಉಪಯೋಗವು ಅರುವತ್ತು ವರುಷಗಳ ಮೇಲೆ ಕಾಣುವದೆಂದು ತಿಳಿದಿರಲಿಲ್ಲ. ಆದರೂ ತಪ್ಪದೆ ಬರೆದರು. 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿ ಗಂಡಸರನ್ನೂ ಹೆಂಗಸರನ್ನೂ ಹುಡುಕಿ ಪರೀಕ್ಷಿಸಿದ ಫಲವು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು; 3.1 ಕಿಲೋಗ್ರಾಂಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾವು ಹಾಗೆ ಸಣ್ಣವರಾಗಿ ಹುಟ್ಟಿದ್ದಲ್ಲದೆ, ತಾಯಿಯೂ ಗರ್ಭಿಣಿಯಾಗಿದ್ದಾಗ 100 ಪೌಂಡಿಗಿಂತ ಕಡಿಮೆ ತೂಗಿದ್ದರೆ, ಅಂಥವರಲ್ಲಿ ನೂರಕ್ಕೆ 20 ಮಂದಿ ರೋಗಿಗಳಾಗಿದ್ದರು. ತಾಯಿಯ ಹಸಿವು ಮಗನ ಎದೆಯಲ್ಲಿ ಕಾದುಕೊಂಡಿತ್ತೆಂದೇ ಹೇಳಬೇಕು.

ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರಿನ ಲೆಕ್ಕವು ಬೇರೆ ರೀತಿಯದಾಗಿತ್ತು. ಗಿಡ್ಡವಾಗಿಯೂ ಉದ್ದಕ್ಕೆ ಹೋಲಿಸಿದರೆ ದುಂಡಾಗಿಯೂ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಅದು ಅಧಿಕವಾಗಿ ಕಂಡಿತು. ಆ ತಾಯಂದಿರ ರಕ್ತದಲ್ಲಿ ಸಕ್ಕರೆಯು ಏರಿದ್ದಿರಬಹುದೆಂದು ಶೋಧಕರು ಊಹಿಸಿದರು. ಆದದರಿಂದ ಕೂಸು ದಪ್ಪವಾಗಿದ್ದರೆ ಸಾಕೆಂದು ತಿಳಿಯಬಾರದು.

ಇದು ಹೇಗೆ ಆಗುವದು? ಗರ್ಭದ ಕೂಸಿಗೆ ಆಹಾರವು ಸಾಲದೆ ಹೋದಾಗ ದೇಹವು ಇದ್ದದ್ದನ್ನು ಮೊದಲು ಮಿದುಳಿಗೆ ಒದಗಿಸಿ, ಉಳಿದ ಅಂಗಗಳಿಗೆ ಕಡಿಮೆ ಮಾಡುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಅತಿ ಸೂಕ್ಷ್ಮವಾದ ಜರಡಿಗಳಂಥ ಭಾಗಗಳುಂಟು. ತಿಂಗಳು ತುಂಬಿ ಹುಟ್ಟುವ ಕೂಸಿನಲ್ಲಿ ಇವು ಹುಟ್ಟುವ ಮುಂಚೆಯೇ ನಿರ್ಮಾಣವಾಗಿ ಮುಗಿಯುತ್ತವೆ. ಆಮೇಲೆ ಎಷ್ಟು ಹಾಲು ತುಪ್ಪ ಉಣ್ಣಿಸಿದರೂ ಹೊಸದೊಂದು ಹುಟ್ಟುವದಿಲ್ಲ. ಕಡಿಮೆ ಜರಡಿಗಳು ಜೀವಮಾನವೆಲ್ಲಾ ಪೂರ್ತಿ ಕೆಲಸವನ್ನು ಹೊತ್ತುಕೊಳ್ಳಬೇಕಾಗುವದರಿಂದ ರಕ್ತದ ಒತ್ತಡವು ಏರುವದಕ್ಕೆ ದಾರಿಯಾಗುತ್ತದೆ. ಸಕ್ಕರೆಯನ್ನು ಹತೋಟಿಯಲ್ಲಿಡುವ ಮೇದೋಜೀರಕ ಗ್ರಂಥಿಗೂ, ಸಕ್ಕರೆಯನ್ನು ಉಪಯೋಗಿಸುವ ಮಾಂಸಖಂಡಗಳಿಗೂ ಇದೇ ತರದ ಕೊರತೆಯುಂಟು. ಕೊಬ್ಬಿಗೆ ಮಾತ್ರ ಅಷ್ಟು ಕೊರತೆಯಿಲ್ಲ. ಪುಣೆಯ ಸುತ್ತಣ ಹಳ್ಳಿಗಳ ಕೂಸುಗಳು ಸರಾಸರಿ 2.7 ಕಿಲೋಗ್ರಾಂ ತೂಗಿದರೆ ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದವು 3.5 ಕಿಲೋಗ್ರಾಂ ತೂಗಿದವು. ಆದರೂ ನಮ್ಮ ಬಡಕಲು ಕೂಸುಗಳ ಚರ್ಮದ ಕೆಳಗಣ ಕೊಬ್ಬು ಮಾಂಸದಷ್ಟು ಕಡಿಮೆಯಾಗಿರಲಿಲ್ಲವೆಂದು 2003ರಲ್ಲಿ ತಿಳಿಯಬಂತು.

ಹಾಲೆಂಡ್ ದೇಶದಲ್ಲಿ 1944-45ರ ಚಳಿಗಾಲದಲ್ಲಿ, ಯುದ್ಧದ ನಿಮಿತ್ತ ಆಹಾರವು ತಡೆಯಲ್ಪಟ್ಟು, ಜನರು ಹೂವಿನ ಗೆಡ್ಡೆಗಳನ್ನು ತಿಂದು ಜೀವಿಸಿದರು. ಆ ಕಾಲದಲ್ಲಿ ಗರ್ಭದಲ್ಲಿದ್ದವರು ಪ್ರಾಯಕ್ಕೆ ಬಂದ ಮೇಲೆ ಅವರ ದೇಹವು ಸಕ್ಕರೆಯನ್ನು ಸರಿಯಾಗಿ ತಾಳಲಾರದ್ದಾಗಿತ್ತು. ಬಸುರಿನ ಮೊದಲ ತಿಂಗಳುಗಳಲ್ಲಿಯೇ ಬರಕ್ಕೆ ಸಿಕ್ಕಿದವರಲ್ಲಿ, ಹುಟ್ಟುವಾಗ ತೂಕವು ಚೆನ್ನಾಗಿದ್ದರೂ, ಹೃದಯರೋಗವು ಹೆಚ್ಚಾಗಿ ಕಂಡಿತು. ಬಸುರು ಹೊರಗೆ ಕಾಣುವದಕ್ಕೆ ಮುಂಚೆ ಊಟದ ಚಿಂತೆ ಏಕೆ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಮನೆಗಳಿಗೆ ಬರೋಣ. ಬಸುರಿಯು ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ಊಟವನ್ನು ಕಡಿಮೆಮಾಡಿಸುವ ಮನೆಗಳುಂಟು. ಆಸ್ಪತ್ರೆಯವರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ಅದೇ ಭಯದಿಂದ ಗೂಡಿನಲ್ಲಿ ಇಟ್ಟುಬಿಡುವವರೂ ಉಂಟು. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಮಡಕೆಯ ತಳದಲ್ಲಿ ಉಳಿದದ್ದೇ ಸೊಸೆಯ ಪಾಲು. ಅತ್ತೆಯಂದಿರಾದ ತಾಯಂದಿರೇ, ನಿಮ್ಮ ಕಾಲದಲ್ಲಿ ನಿಮಗೂ ಹೀಗೆಯೇ ಆಯಿತೆಂಬದು ನಮಗೆ ಗೊತ್ತು. ಆದರೆ ಸೊಸೆಯ ತಟ್ಟೆಯಲ್ಲಿ ಕಡಿಮೆಯಾದ ತುತ್ತು ನಿಮ್ಮ ಮೊಮ್ಮಗನದು. ದುಡ್ಡಿಲ್ಲವೆಂಬ ಮಾತು ಹಲವು ಮನೆಗಳಲ್ಲಿ ನಿಜವಾದದ್ದೇ. ಅದನ್ನು ಹಗುರವಾಗಿ ತಳ್ಳಿಬಿಡುವದಿಲ್ಲ. ಆದರೂ ಪುಣೆಯ ಹಳ್ಳಿಗಳಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲು ಇವುಗಳನ್ನು ಹೆಚ್ಚಾಗಿ ತೆಗೆದುಕೊಂಡ ಬಸುರಿಯರ ಕೂಸುಗಳು ದೊಡ್ಡವಾಗಿದ್ದವೆಂದು 2001ರಲ್ಲಿ ಪ್ರಕಟವಾಯಿತು. ಹಿತ್ತಲಿನ ನುಗ್ಗೆಸೊಪ್ಪಿಗೂ ಪರಂಗಿಗಿಡದ ಪಕ್ಕದ ಸೀಬೆಹಣ್ಣಿಗೂ ಸಂತೆಯ ದುಡ್ಡು ಬೇಡ. ಅಂಗನವಾಡಿಯ ಆಹಾರವನ್ನು ಬಸುರಿಯೇ ಉಣ್ಣಲಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಿದರೆ, ಇನ್ನೂ ಬೆಳೆಯುತ್ತಿರುವ ತಾಯಿಗೂ ಹೊಟ್ಟೆಯ ಕೂಸಿಗೂ ಒಂದೇ ಅನ್ನದಲ್ಲಿ ಪೈಪೋಟಿಯಾಗುವದು.

ಹುಟ್ಟಿದ ಕೂಡಲೆ ಬರುವ ಹಳದಿ ಬಣ್ಣದ ಮೊದಲ ಮೊಲೆಹಾಲನ್ನು ಹಿಂಡಿ ಚೆಲ್ಲಬಾರದು. ಆರು ತಿಂಗಳು ಮೊಲೆಹಾಲೊಂದೇ ಸಾಕು. ಸಕ್ಕರೆ ನೀರೂ ಬೇಡ. ಆರು ತುಂಬಿದ ಮೇಲೆ ಮೊಲೆಹಾಲಿನ ಸಂಗಡ ರಾಗಿಯ ಸರಿ, ನುಣ್ಣಗೆ ಕಲಸಿದ ಬೇಳೆ ಅನ್ನ, ಮೊಟ್ಟೆ, ಸೊಪ್ಪು ಕೊಡಬೇಕು; ಬರೀ ಗಂಜಿಯ ತಿಳಿಯಿಂದ ಹೊಟ್ಟೆ ತುಂಬುವದೇ ಹೊರತು ಮೈ ತುಂಬುವದಿಲ್ಲ. ಮೊದಲ ಎರಡು ವರುಷ ಬಡಕಲಾಗಿದ್ದು ಆಮೇಲೆ ವೇಗವಾಗಿ ದಪ್ಪವಾದ ಮಕ್ಕಳಿಗೆ ದೊಡ್ಡವರಾದಾಗ ಮಧುಮೇಹದ ಭಯವು ಹೆಚ್ಚೆಂದು ದಿಲ್ಲಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಶೋಧನೆಯು ತೋರಿಸಿತು. ಆದದರಿಂದ ಸಣ್ಣದಾಗಿ ಹುಟ್ಟಿದ ಹುಡುಗನಿಗೆ ಶಾಲೆಯ ಪ್ರಾಯದಲ್ಲಿ ಬಿಸ್ಕತ್ತು, ಮಿಠಾಯಿ, ಕರಿದ ತಿಂಡಿ ಇವುಗಳಿಂದ ಸಾಲ ತೀರಿಸಲು ಹೋಗಬಾರದು.

ಸಣ್ಣವರಾಗಿ ಹುಟ್ಟಿದ ನಮಗೆ ಇನ್ನೇನು ಗತಿ ಎಂದು ಕೇಳುವವರು ಮೈಸೂರಿನ ಲೆಕ್ಕವನ್ನು ಇನ್ನೊಮ್ಮೆ ಓದಲಿ. ಅತಿ ಸಣ್ಣವರಾಗಿ ಹುಟ್ಟಿದವರಲ್ಲಿಯೂ ನೂರಕ್ಕೆ 89 ಮಂದಿಗೆ ಆ ರೋಗವಿರಲಿಲ್ಲ. ಅಂಥವರು ಹೊಗೆಸೊಪ್ಪನ್ನೂ ಬೀಡಿಯನ್ನೂ ಬಿಟ್ಟು, ಹೊಟ್ಟೆಯ ಬೊಜ್ಜು ಬೆಳೆಯದಂತೆ ನೋಡಿಕೊಂಡು, ಮೂವತ್ತು ವರುಷ ದಾಟಿದ ಮೇಲೆ ವರುಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಳ್ಳಲಿ. ಈಗ ಹುಟ್ಟುವ ಕೂಸುಗಳ ತೂಕವು ತಾಯಿ ಕಾರ್ಡಿನಲ್ಲಿ ಬರೆಯಲ್ಪಡುತ್ತದೆ. ಆ ಕಾರ್ಡನ್ನು ಚುಚ್ಚುಮದ್ದು ಮುಗಿಯಿತೆಂದು ಒಲೆಗೆ ಹಾಕದೆ, ಜಮೀನಿನ ಪತ್ರಗಳನ್ನಿಡುವ ಪೆಟ್ಟಿಗೆಯಲ್ಲಿಯೇ ಇಡಿರಿ.